ಹಾಳೂರ ಗೌಡನನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಸರ್, ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗಳು ಹೈಸ್ಕೂಲ್ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾಳೆ. ಅವಳ ದೆಸೆಯಿಂದ ಮನೆಯವರೆಲ್ಲ ಕಾಲೇಜು ಮಹಿಳಾ ತಂಡಗಳ ಆಟ ನೋಡುವುದು ರೂಢಿಯಾಗಿದೆ. ಮಾರ್ಚ್ ಬಂತೆಂದರೆ ಆಫೀಸಿನಲ್ಲಿ ಬ್ರಾಕೆಟ್ ತುಂಬುವ, ಅಂದರೆ ಟೂರ್ನಿಯಲ್ಲಿ ಯಾರು ಯಾರನ್ನು ಗೆಲ್ಲುತ್ತಾರೆಂದು ಊಹಿಸಿ ಬರೆಯುವ ಗದ್ದಲ. ಪ್ರತಿ ವರ್ಷವೂ 28-3, 29-2 ಎಂಬಂಥ ಗೆಲುವು-ಸೋಲಿನ ದಾಖಲೆ ನೋಡಿ ಸಣ್ಣ ಕಾಲೇಜುಗಳನ್ನು ನಂಬಿ ಕೆಡುತ್ತೇನೆ. ನಂಬದ ವರ್ಷ ಅವೇ ಗೆದ್ದುಬಿಡುತ್ತವೆ. ನಮ್ಮ ಪಕ್ಕದ ಪ್ರಿನ್ಸ್‌ಟನ್‌ನವರು 2015ರಲ್ಲಿ 30ಕ್ಕೆ 30 ಗೆದ್ದಿದ್ದರೂ 8ನೇ ಸೀಡ್, ಅಂದರೆ 8ನೇ ಶ್ರೇಯಾಂಕ, ಕೊಟ್ಟರಂತೆ. ಅನ್ಯಾಯ ಅಲ್ಲವೇ? ಸುಲಭದ ಎದುರಾಳಿಗಳನ್ನು ಸೋಲಿಸಿಕೊಂಡು ಬಂದ ತಂಡವನ್ನು ಅಳೆಯುವುದು ಹೇಗೆ?

ಉತ್ತರ: ಪ್ರಿನ್ಸ್‌ಟನ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು 1998ರ ಮಾರ್ಚ್ ತಿಂಗಳ ಎರಡು ಆಟ ನೋಡಿಬಿಡೋಣ. ನಿಮ್ಮನ್ನು ಕಾಡುತ್ತಿರುವ ಗೊಂದಲದ ಎರಡೂ ಮುಖಗಳು ಒಂದೇ ಟೂರ್ನಿಯ ಮೊದಲ ಸುತ್ತಿನಲ್ಲಿ ಕಾಣಿಸಿಕೊಂಡದ್ದು ಆಗ.

ಆ ವರ್ಷ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಡೆಸುವ ಮಹಿಳಾ ಟೂರ್ನಿಗೆ ವರ್ಜೀನಿಯಾದ ಲಿಬರ್ಟಿ ವಿಶ್ವವಿದ್ಯಾಲಯ 28-0 ದಾಖಲೆ ಹಿಡಿದು ಬಂತು. ಒಂದೂ ಸೋಲಿಲ್ಲ. ತಂಡಗಳನ್ನು ನಾಲ್ಕು ಗುಂಪು ಮಾಡಿ ಒಂದೊಂದರಲ್ಲೂ 1ರಿಂದ 16ರವರೆಗೆ ಸೀಡ್ ಕೊಡುತ್ತಾರೆ. ಆಯ್ಕೆ ಸಮಿತಿ ಇವರಿಗೆ ಕೊಟ್ಟದ್ದು 16ನೇ ಸೀಡ್, ಅಂದರೆ ಪಂಕ್ತಿಯ ಕಟ್ಟಕಡೆಯ ಎಲೆ. ಎದುರಿಗೆ ಟೆನೆಸಿ. ಅವರೂ ಆ ಸೀಸನ್‌ನಲ್ಲಿ ಒಂದೂ ಸೋತವರಲ್ಲ. ಎರಡು ಅಜೇಯ ತಂಡಗಳು ಮೊದಲ ಸುತ್ತಿನಲ್ಲೇ ಎದುರಾಬದುರಾದವು. ಸ್ಕೋರು 102-58. ಅಂತರ 44. ಟೆನೆಸಿ ಕೊನೆಗೆ 39-0 ಮಾಡಿಕೊಂಡು ಕಪ್ ಎತ್ತಿತು. ಲಿಬರ್ಟಿಯವರು 28-1 ಎಂದು ಬರೆಸಿಕೊಂಡು ಮನೆಗೆ ಹೋದರು.

ಅದೇ ಟೂರ್ನಿಗೆ ಅದೇ 16ನೇ ಸೀಡ್ ಪಡೆದು ಹಾರ್ವರ್ಡ್ ಕೂಡ ಬಂದಿತ್ತು. ದಾಖಲೆ 22-4. ಬರೀ ಅಂಕಿ ನೋಡಿದರೆ ಲಿಬರ್ಟಿಗಿಂತ ಒಂದು ಮಣೆ ಕೆಳಗೆ. ಆಡಬೇಕಿದ್ದದ್ದು 1ನೇ ಸೀಡ್ ಸ್ಟ್ಯಾನ್‌ಫರ್ಡ್ ಮೇಲೆ, ಅದೂ ಸ್ಟ್ಯಾನ್‌ಫರ್ಡ್‌ನ ಸ್ವಂತ ಅಂಗಳ ಮೇಪಲ್ಸ್ ಪೆವಿಲಿಯನ್‌ನಲ್ಲಿ. ಹಾರ್ವರ್ಡ್ 71-67ಕ್ಕೆ ಗೆದ್ದಿತು. ಪುರುಷರದ್ದು ಮಹಿಳೆಯರದ್ದು ಎರಡೂ ಸೇರಿಸಿ 16ನೇ ಸೀಡ್ ಒಂದು 1ನೇ ಸೀಡನ್ನು ಕೆಡವಿದ್ದು ಅದೇ ಮೊದಲು. ಮಹಿಳೆಯರಲ್ಲಂತೂ 2025ರ ಟೂರ್ನಿ ಮುಗಿಯುವವರೆಗೂ ಅದೊಂದೇ. ಹಾರ್ವರ್ಡ್‌ನ ಅಲಿಸನ್ ಫೀಸ್ಟರ್ ಅವತ್ತು ಒಬ್ಬರೇ 35 ಪಾಯಿಂಟ್ ಹೊಡೆದರು. ಆ ಸೀಸನ್‌ನಲ್ಲಿ ಇಡೀ ದೇಶಕ್ಕೆ ಅತಿ ಹೆಚ್ಚು ಸರಾಸರಿ ಅವರದೇ. ಇನ್ನೊಂದು ಕಡೆ ಸ್ಟ್ಯಾನ್‌ಫರ್ಡ್‌ನ ಇಬ್ಬರು ಮುಖ್ಯ ಆಟಗಾರ್ತಿಯರು, ಕ್ರಿಸ್ಟಿನ್ ಫೋಕಲ್ ಮತ್ತು ವನೆಸ್ಸಾ ನೈಗಾರ್ಡ್, ಟೂರ್ನಿಗೆ ಸ್ವಲ್ಪ ಮುಂಚೆ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಹೊರಗೆ ಕೂತಿದ್ದರು.

ಒಂದೇ ಸೀಡಿನ ಎರಡು ತಂಡ. ಸೋಲೇ ಕಾಣದ್ದು ಮುಳುಗಿತು, ನಾಲ್ಕು ಸೋತದ್ದು ಚರಿತ್ರೆಗೆ ಸೇರಿತು. ಹಾಗಾಗಿ ನಿಮ್ಮ ಬ್ರಾಕೆಟ್ ಕೆಡಿಸುತ್ತಿರುವುದು ಸಣ್ಣ ಕಾಲೇಜುಗಳಲ್ಲ, ಆ ಗೆಲುವು-ಸೋಲಿನ ಜೋಡಿ ಅಂಕಿ. ನೀವು ಅದನ್ನು ನಂಬಿದಾಗಲೂ ಅದನ್ನೇ ನೋಡುತ್ತೀರಿ, ನಂಬದಿದ್ದಾಗಲೂ ಅದನ್ನೇ.

ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತೇವಲ್ಲ, ದುರ್ಬಲ ಕಾನ್ಫರೆನ್ಸಿನಲ್ಲಿ (ಪ್ರತಿ ವರ್ಷ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪು) ಆಡಿ ಗುಡ್ಡೆ ಹಾಕಿಕೊಂಡ ಗೆಲುವುಗಳನ್ನು ಕಂಡಾಗ ಜನ ಆಡುವ ಮಾತೂ ಅದೇ. ಮಾತು ಸುಳ್ಳಲ್ಲ. ಆದರೆ ಹಾಗೆ ಉಳಿದವನು ದೊಡ್ಡೂರಲ್ಲೂ ಗೌಡಿಕೆ ಮಾಡಬಲ್ಲವನೋ ಅಲ್ಲವೋ ಎಂಬುದನ್ನು ಗಾದೆ ಹೇಳುವುದಿಲ್ಲ. ಸುಲಭದ ವೇಳಾಪಟ್ಟಿ ತಂಡ ಸುಮಾರು ಎಂಬುದಕ್ಕೆ ಸಾಕ್ಷಿ ಅಲ್ಲ. ಅಲ್ಲಿ ಸಾಕ್ಷಿಯೇ ಕಡಿಮೆ, ಅಷ್ಟೆ. ಹಾಗಾಗಿ ಇರುವ ನಾಲ್ಕು ಸಾಕ್ಷಿಯನ್ನೇ ಕೂಲಂಕಷವಾಗಿ ನೋಡಬೇಕಾಗುತ್ತದೆ.

ಸಮಿತಿಯವರು ಹೇಗೆ ಎಣಿಸುತ್ತಾರೆ ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅನ್ಯಾಯವೋ ಅಲ್ಲವೋ ಎಂಬ ನಿಮ್ಮ ಪ್ರಶ್ನೆಗೆ ಅದು ಬೇಕು. ಕಾಲೇಜು ಆಟದ ಮೇಲಿನ ದರ್ಜೆಯಾದ ಡಿವಿಷನ್ 1ರಲ್ಲಿ ಸುಮಾರು 360 ಮಹಿಳಾ ತಂಡಗಳಿವೆ. ಟೂರ್ನಿಗೆ 68 ತಂಡ, 2022ರಿಂದ. ಕಾನ್ಫರೆನ್ಸ್ ಚಾಂಪಿಯನ್ನರಿಗೆ ನೇರ ಪ್ರವೇಶ, ಉಳಿದ ಜಾಗಗಳನ್ನು ಸಮಿತಿ ಕೂತು ಹಂಚುತ್ತದೆ. 2025ರಲ್ಲಿ 31 ನೇರ ಪ್ರವೇಶ, 37 ಸಮಿತಿಯ ಕೈಯಲ್ಲಿ. ಒಂದು ತಂಡ ತಿಂಗಳಲ್ಲಿ ಹತ್ತು ಸಲ ಕೋರ್ಟಿಗೆ ಇಳಿದರೂ 360ರಲ್ಲಿ ಎದುರಿಸುವುದು ಒಂದು ಸಣ್ಣ ಪಾಲನ್ನಷ್ಟೆ. ಎಲ್ಲರೂ ಎಲ್ಲರ ಮೇಲೆ ಆಡುವ ಲೀಗ್ ಅಲ್ಲ ಇದು. ತಕರಾರೆಲ್ಲ ಹುಟ್ಟುವುದು ಇಲ್ಲಿಂದಲೇ.

ಹಿಂದೆ ಆರ್‌ಪಿಐ ಎಂಬ ಸೂತ್ರ ಇತ್ತು. ನಿಮ್ಮ ಗೆಲುವಿನ ಪ್ರಮಾಣಕ್ಕೆ ನಾಲ್ಕಾಣೆ, ನಿಮ್ಮ ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಎಂಟಾಣೆ, ಆ ಎದುರಾಳಿಗಳ ಎದುರಾಳಿಗಳದ್ದಕ್ಕೆ ಮಿಕ್ಕ ನಾಲ್ಕಾಣೆ. ಒಂದು ಲೆಕ್ಕ ಹಾಕೋಣ. ಒಂದು ತಂಡ 28-3, ಅದರ ಎದುರಾಳಿಗಳು ನೂರಕ್ಕೆ 42 ಗೆದ್ದವರು, ಅವರ ಎದುರಾಳಿಗಳು 47. ಸೂತ್ರಕ್ಕೆ ಹಾಕಿದರೆ 0.553 ಬರುತ್ತದೆ. ಇನ್ನೊಂದು ತಂಡ 20-11, ಎದುರಾಳಿಗಳು 62, ಅವರ ಎದುರಾಳಿಗಳು 56. ಬರುವುದು 0.611. ಹನ್ನೊಂದು ಸೋತವರು ಮೂರು ಸೋತವರನ್ನು ದಾಟಿ ಆರಾಮಾಗಿ ಮೇಲೆ ಕೂತರು. ತೀರ ದುರ್ಬಲ ತಂಡವನ್ನು ಸೋಲಿಸಿದರೆ ಆರ್‌ಪಿಐ ಕೆಳಗಿಳಿಯುವ ವಿಚಿತ್ರವೂ ಇತ್ತು. ಗೆದ್ದು ಬಂದ ರಾತ್ರಿ ರ‍್ಯಾಂಕ್ ಕುಸಿದಿರುತ್ತಿತ್ತು! ಮೂವತ್ತು ಪಾಯಿಂಟಿನಿಂದ ಗೆದ್ದರೋ ಒಂದರಿಂದ ಗೆದ್ದರೋ ಅದಕ್ಕೆ ಕಾಣುತ್ತಲೂ ಇರಲಿಲ್ಲ.

2020-21ರ ಸೀಸನ್‌ನಿಂದ ಮಹಿಳೆಯರ ಆಟಕ್ಕೂ ನೆಟ್ ಎಂಬ ಹೊಸ ಅಳತೆ ಬಂತು. ಅದು ಎರಡು ಸಂಗತಿ ನೋಡುತ್ತದೆ: ಯಾರನ್ನು, ಎಲ್ಲಿ ಗೆದ್ದಿರಿ; ಮತ್ತು ಒಂದೊಂದು ಪೊಸೆಷನ್‌ಗೆ, ಅಂದರೆ ಚೆಂಡು ಕೈಗೆ ಬಂದ ಒಂದೊಂದು ಸರದಿಗೆ, ಎಷ್ಟು ಅಂಕ ಹೊಡೆದಿರಿ, ಎಷ್ಟು ಬಿಟ್ಟುಕೊಟ್ಟಿರಿ, ಎದುರಾಳಿಯ ಬಲಕ್ಕೆ ಸರಿಹೊಂದಿಸಿ. ಸಣ್ಣ ಕಾನ್ಫರೆನ್ಸಿನ ಒಳ್ಳೆಯ ತಂಡಕ್ಕೆ ಇದರಿಂದ ಉಪಕಾರವೇ ಆಯಿತು. ದುರ್ಬಲರನ್ನು ಬರೀ ಗೆಲ್ಲದೆ ಹಿಂಡಿ ಗೆದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ನೆಟ್ ರ‍್ಯಾಂಕಿನ ಮೇಲೆ ಎದುರಾಳಿಗಳನ್ನು ನಾಲ್ಕು ಕ್ವಾಡ್ ಎಂದು ವಿಂಗಡಿಸುತ್ತಾರೆ. ಮೊದಲ ಕ್ವಾಡ್ ಅಂದರೆ ತವರಿನಲ್ಲಿ ಮೊದಲ 25 ತಂಡಗಳಲ್ಲೊಂದರ ಮೇಲೆ, ತಟಸ್ಥ ಅಂಗಳದಲ್ಲಿ ಮೊದಲ 35ರ ಮೇಲೆ, ಎದುರಾಳಿಯ ಅಂಗಳದಲ್ಲಾದರೆ ಮೊದಲ 45ರ ಮೇಲೆ ಆಡಿದ ಆಟ. ಪುರುಷರ ಆಟದಲ್ಲಿ ಇದೇ ಗೆರೆಗಳು 30, 50, 75. ಮಹಿಳೆಯರ ಆಟದಲ್ಲಿ ಗೆರೆ ಬಿಗಿಯಾಗಿರಲು ಕಾರಣ ಇದೆ. ಪ್ರತಿಭೆ ಮೇಲಿನ ಕೆಲವೇ ತಂಡಗಳಲ್ಲಿ ಗುಂಪಾಗಿ ನಿಂತಿದೆ. ಹತ್ತನೇ ತಂಡಕ್ಕೂ ಅರವತ್ತನೇ ತಂಡಕ್ಕೂ ಇರುವ ಅಂತರ ಪುರುಷರದ್ದಕ್ಕಿಂತ ಹೆಚ್ಚು. 2025ರವರೆಗೆ 14 ಅಥವಾ 15ನೇ ಸೀಡಿನ ತಂಡ ಮಹಿಳಾ ಟೂರ್ನಿಯಲ್ಲಿ ಒಂದು ಪಂದ್ಯವನ್ನೂ ಗೆದ್ದಿಲ್ಲ. ಬ್ರಾಕೆಟ್‌ನಲ್ಲಿ ಅಲ್ಲಿ ಪವಾಡ ಬರೆಯುವ ಆಸೆಯನ್ನು ದಯವಿಟ್ಟು ಬಿಡಿ.

ಇತ್ತೀಚೆಗೆ ಇನ್ನೊಂದು ಅಳತೆ ಹೆಚ್ಚು ಚಾಲ್ತಿಗೆ ಬಂದಿದೆ, ಡಬ್ಲ್ಯುಎಬಿ. ನನಗೆ ಇದು ಬಹಳ ಹಿಡಿಸುತ್ತದೆ, ಏಕೆಂದರೆ ಇದು ನೇರವಾಗಿ ನಿಮ್ಮ ಪ್ರಶ್ನೆಯನ್ನೇ ಕೇಳುತ್ತದೆ: ಟೂರ್ನಿಗೆ ಬರುವುದೋ ಬಾರದೋ ಎಂದು ಹೊಸ್ತಿಲ ಮೇಲೆ ನಿಂತಿರುವ ಒಂದು ಸಾಧಾರಣ ತಂಡಕ್ಕೆ ಇದೇ ವೇಳಾಪಟ್ಟಿ ಕೊಟ್ಟಿದ್ದರೆ ಅದು ಎಷ್ಟು ಗೆಲ್ಲುತ್ತಿತ್ತು? ಅದಕ್ಕಿಂತ ನೀವು ಎಷ್ಟು ಹೆಚ್ಚು ಗೆದ್ದಿರಿ? ಕಾಗದ ಪೆನ್ನು ತೆಗೆದುಕೊಂಡು ಮಗಳ ಜೊತೆ ಕೂತು ಮಾಡಿ ನೋಡಿ. ಒಂದು ತಂಡ 30 ಆಟ ಆಡಿದೆ. 22 ಆಟಗಳಲ್ಲಿ ಹೊಸ್ತಿಲ ತಂಡ ಗೆಲ್ಲುವ ಸಂಭವ ನೂರಕ್ಕೆ 92, ಆರರಲ್ಲಿ 70, ಎರಡರಲ್ಲಿ ಬರೀ 25. ಎಲ್ಲ ಕೂಡಿದರೆ ಹತ್ತಿರ ಹತ್ತಿರ 25 ಗೆಲುವು. ನಮ್ಮ ತಂಡ ಗೆದ್ದದ್ದು 27. ಅಂದರೆ ಎರಡು ಹೆಚ್ಚು. ಇನ್ನೊಂದು ತಂಡದ 30 ಆಟಗಳಲ್ಲಿ ಹತ್ತು ಸುಲಭ, ಸಂಭವ 90. ಹತ್ತು ಸಮಸಮ, 55. ಹತ್ತು ಕಷ್ಟ, 25. ಕೂಡಿದರೆ 17. ಆ ತಂಡ ಗೆದ್ದದ್ದು 19. ಅದಕ್ಕೂ ಎರಡೇ ಹೆಚ್ಚು.

ಒಂದು 27-3, ಇನ್ನೊಂದು 19-11. ಎರಡೂ ಹೆಚ್ಚುಕಡಿಮೆ ಸಮ ಸಮ! ಪಟ್ಟಿಯಲ್ಲಿ ನೋಡುವವರಿಗೆ ಮೊದಲನೆಯದು ರಾಜನ ಹಾಗೆ, ಎರಡನೆಯದು ಬಡಪಾಯಿಯ ಹಾಗೆ ಕಾಣುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಯಾರು ಹೆಚ್ಚು ಸಂಪಾದಿಸಿದ್ದಾರೆ ಎಂಬುದು ಒಂದು ಪ್ರಶ್ನೆ, ನಾಳೆ ಆಡಿದರೆ ಯಾರು ಗೆಲ್ಲುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. ಡಬ್ಲ್ಯುಎಬಿ ಉತ್ತರಿಸುವುದು ಮೊದಲನೆಯದಕ್ಕೆ. ಬ್ರಾಕೆಟ್ ತುಂಬುವ ನಿಮಗೆ ಬೇಕಿರುವುದು ಎರಡನೆಯದರ ಉತ್ತರ. ಸಮಿತಿಯವರು ಎರಡನ್ನೂ ಕಲಸಿ ಒಂದೇ ತಟ್ಟೆಗೆ ಬಡಿಸುತ್ತಾರೆ, ಅದಕ್ಕೇ ಪ್ರತಿ ವರ್ಷ ಬೈಸಿಕೊಳ್ಳುತ್ತಾರೆ. 2024-25ರ ಯುಕಾನ್ ನೋಡಿ, ಅಂದರೆ ಕನೆಕ್ಟಿಕಟ್ ವಿಶ್ವವಿದ್ಯಾಲಯ. ಟೂರ್ನಿಗೆ ಬರುವಾಗ 31-3. ಅವರ ಬಿಗ್ ಈಸ್ಟ್ ಕಾನ್ಫರೆನ್ಸ್ ಆ ವರ್ಷ ತೆಳ್ಳಗಿತ್ತು. ಹೊರಗಿನ ದೊಡ್ಡ ಆಟಗಳಲ್ಲಿ ನೋಟರ್ ಡೇಮ್, ಯುಎಸ್‌ಸಿ, ಟೆನೆಸಿ ಮೂವರಿಗೂ ಸೋತಿದ್ದರು. ಆದರೆ ಫೆಬ್ರವರಿಯಲ್ಲಿ ಕೊಲಂಬಿಯಾ ನಗರಕ್ಕೆ ಹೋಗಿ ಸೌತ್ ಕೆರೊಲಿನಾವನ್ನು ಅವರ ಮನೆಯಲ್ಲೇ 87-58ಕ್ಕೆ ಹೊಡೆದು ಬಂದಿದ್ದರು. ಸೌತ್ ಕೆರೊಲಿನಾ ತವರಿನಲ್ಲಿ ಅದಕ್ಕೆ ಮುಂಚೆ 71 ಆಟ ಸತತ ಗೆದ್ದಿತ್ತು. ಸಮಿತಿ ಯುಕಾನ್‌ಗೆ 2ನೇ ಸೀಡ್ ಕೊಟ್ಟಿತು. ಸಂಪಾದನೆಯ ಲೆಕ್ಕದಲ್ಲಿ ಅದು ತಪ್ಪಲ್ಲ. ಶಕ್ತಿಯ ಲೆಕ್ಕದಲ್ಲಿ? ಫೈನಲ್‌ನಲ್ಲಿ ಅದೇ ಸೌತ್ ಕೆರೊಲಿನಾವನ್ನು 82-59ಕ್ಕೆ ಸೋಲಿಸಿ ಚಾಂಪಿಯನ್ ಆದರು. ಫೆಬ್ರವರಿಯ ಆ ಒಂದು ರಾತ್ರಿಯನ್ನು ಹಿಡಿದು ನೋಡಿದವರ ಬ್ರಾಕೆಟ್ ಉಳಿಯಿತು.

ನಾನು ಒಂದು ತಂಡವನ್ನು ನೋಡುವಾಗ ಮೊದಲು ಹುಡುಕುವುದು ಇಂಥ ರಾತ್ರಿಗಳನ್ನು. 25 ಗೆಲುವುಗಳನ್ನು ಪಕ್ಕಕ್ಕಿಟ್ಟು, ನಿಜವಾಗಿ ಕಷ್ಟದ ಮೂರು-ನಾಲ್ಕು ಆಟ ಯಾವುವು, ಅಲ್ಲಿ ಏನಾಯಿತು ಎಂದು. ಆ ಆಟಗಳನ್ನು ಸೋತಿದ್ದರೂ ಪರವಾಗಿಲ್ಲ. ಎದುರಾಳಿಯ ಅಂಗಳದಲ್ಲಿ ಹತ್ತನೇ ರ‍್ಯಾಂಕಿನವರಿಗೆ ಆರು ಪಾಯಿಂಟಿನಿಂದ ಸೋತದ್ದು, ತವರಿನಲ್ಲಿ ಇನ್ನೂರನೇ ರ‍್ಯಾಂಕಿನವರನ್ನು ನಲವತ್ತರಿಂದ ಗೆದ್ದದ್ದಕ್ಕಿಂತ ನನಗೆ ಹೆಚ್ಚು ಹೇಳುತ್ತದೆ. ಸೋಲೇ ಇಲ್ಲದ ತಂಡದ ತೊಂದರೆಯೂ ಇದೇ: ಅದರ ಮಿತಿ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ, ಅದರ ಕೋಚ್‌ಗೂ ಗೊತ್ತಿಲ್ಲ.

2023-24ರ ಗೊನ್ಜಾಗ ಇದಕ್ಕೆ ಒಳ್ಳೆಯ ಮಾದರಿ. ವೆಸ್ಟ್ ಕೋಸ್ಟ್ ಕಾನ್ಫರೆನ್ಸ್‌ನವರು. ಟೂರ್ನಿಗೆ ಬರುವಾಗ 30-3. ಕಾನ್ಫರೆನ್ಸಿನ ಫೈನಲ್‌ನಲ್ಲಿ ಪೋರ್ಟ್‌ಲ್ಯಾಂಡ್‌ಗೆ ಒಂದೇ ಪಾಯಿಂಟಿನಿಂದ ಸೋತಿದ್ದರು. ಬರೀ ಅದನ್ನು ನೋಡಿದವರು ಮೂಗು ಮುರಿದರು. ಆದರೆ ಡಿಸೆಂಬರಿನಲ್ಲಿ ಅವರು 3ನೇ ರ‍್ಯಾಂಕಿನ ಸ್ಟ್ಯಾನ್‌ಫರ್ಡನ್ನು 96-78ಕ್ಕೆ ಸೋಲಿಸಿದ್ದರಲ್ಲ! ದೇಶದ ಅತ್ಯಂತ ಎತ್ತರದ ತಂಡಗಳಲ್ಲೊಂದರ ಎದುರು 96 ಅಂಕ ಹೊಡೆಯುವುದು ಯಾರೋ ಒಬ್ಬರ ಅದೃಷ್ಟದ ಸಂಜೆಯಿಂದ ಆಗುವ ಕೆಲಸವಲ್ಲ. ಸಮಿತಿ 4ನೇ ಸೀಡ್ ಕೊಟ್ಟಿತು. ಅವರು ಯುಸಿ ಅರ್ವೈನ್, ಯೂಟಾ ಇಬ್ಬರನ್ನೂ ಸೋಲಿಸಿ ಕೊನೆಯ ಹದಿನಾರಕ್ಕೆ ಹೋದರು. ಅಲ್ಲಿ ಟೆಕ್ಸಸ್ 69-47ಕ್ಕೆ ಕಟ್ಟಿಹಾಕಿತು.

ಟೆಕ್ಸಸ್ ಎದುರು ಬರೀ 47 ಏಕೆ ಬಂತು ಎಂಬುದರಲ್ಲಿ ಒಂದು ಪಾಠ ಇದೆ, ಮತ್ತು ಅದು ಸ್ಕೋರ್‌ಕಾರ್ಡಿನ ಒಳಗೆ ನೋಡುವ ವಿಷಯ. ದುರ್ಬಲ ಎದುರಾಳಿಗಳ ಮೇಲೆ ಗಳಿಸಿದ ಅಂಕಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಊರು ಬಿಟ್ಟು ಊರಿಗೆ ಬರುತ್ತವೆ, ಕೆಲವು ಊರ ಗಡಿಯಲ್ಲೇ ಉಳಿದುಬಿಡುತ್ತವೆ. ಉದಾಹರಣೆಗೆ ಒಂದು ತಂಡ 88-41ಕ್ಕೆ ಗೆದ್ದಿದೆ ಎಂದುಕೊಳ್ಳಿ. ಎದುರಾಳಿ 27 ಸಲ ಚೆಂಡು ಕಳೆದುಕೊಂಡಿದೆ. 88ರಲ್ಲಿ 34 ಅಂಕ ಆ ಟರ್ನೋವರ್‌ಗಳಿಂದಲೇ ಬಂದದ್ದು, ಹೆಚ್ಚಿನವು ಖಾಲಿ ಕೋರ್ಟಿನಲ್ಲಿ ಓಡಿಹೋಗಿ ಹಾಕಿದ ಲೇಅಪ್. ಇನ್ನು 16 ಅಂಕ ತಾವೇ ತಪ್ಪಿಸಿದ ಶಾಟನ್ನು ಹಾರಿ ಹಿಡಿದು ಮತ್ತೆ ಹಾಕಿದ್ದು. ಒಟ್ಟು 50 ಆಯಿತು. ಈಗ ಇದೇ ತಂಡ ದೊಡ್ಡ ಕಾನ್ಫರೆನ್ಸಿನ ಗಾರ್ಡ್‌ಗಳನ್ನು ಎದುರಿಸಿದರೆ? ಅವರು ಫುಲ್ ಕೋರ್ಟ್ ಪ್ರೆಸ್‌ಗೆ, ಅಂದರೆ ಇಡೀ ಅಂಗಳದ ಉದ್ದಕ್ಕೂ ಮೈಮೇಲೆ ಬಂದು ಒತ್ತುವ ರಕ್ಷಣೆಗೆ, ಗಾಬರಿಯಾಗುವವರಲ್ಲ. 27 ಟರ್ನೋವರ್ 12ಕ್ಕೆ ಇಳಿಯುತ್ತದೆ. ಬೋರ್ಡಿನ ಕೆಳಗೆ ಆರಡಿ ಐದಂಗುಲದ ಸೆಂಟರ್ ನಿಂತಿದ್ದಾಳೆ, ಎರಡನೇ ಅವಕಾಶ ಸಿಗುವುದಿಲ್ಲ. ಆ 50ರಲ್ಲಿ 30 ಮಾಯವಾಗುತ್ತದೆ. ಉಳಿಯುವುದು ಐವರ ಎದುರು ಐವರು ನಿಂತು ಆಡುವ ಆಟ. ಅದನ್ನು ಆ ತಂಡ ಇಡೀ ವರ್ಷದಲ್ಲಿ ಸರಿಯಾಗಿ ಆಡಿಯೇ ಇಲ್ಲ.

ಇದಕ್ಕೆ ತದ್ವಿರುದ್ಧವಾಗಿ, ಚೆಂಡು ಕಳೆದುಕೊಳ್ಳದ, ಮೂರು ಪಾಯಿಂಟ್ ಶಾಟನ್ನು ನಾಲ್ಕು ಜನ ಹೊಡೆಯಬಲ್ಲ ಸಣ್ಣ ತಂಡ ಬಂದರೆ ನಾನು ಎಚ್ಚರವಾಗುತ್ತೇನೆ. ಮೂರು ಪಾಯಿಂಟ್ ಗೆರೆಯ 22 ಅಡಿ ದೂರ ಎಲ್ಲ ಊರಲ್ಲೂ 22 ಅಡಿಯೇ. ಫ್ಲಾರಿಡಾ ಗಲ್ಫ್ ಕೋಸ್ಟ್ ಇಂಥ ಆಟಕ್ಕೆ ಹೆಸರಾದ ತಂಡ, ಎರಡು ಪಾಯಿಂಟಿಗಿಂತ ಮೂರು ಪಾಯಿಂಟಿಗೇ ಹೆಚ್ಚು ಮನಸ್ಸು. 2022ರಲ್ಲಿ 12ನೇ ಸೀಡ್ ಪಡೆದು 5ನೇ ಸೀಡ್ ವರ್ಜೀನಿಯಾ ಟೆಕ್ ಅನ್ನು 84-81ಕ್ಕೆ ಸೋಲಿಸಿತು. ಮರುವರ್ಷ ಮತ್ತೆ 12ನೇ ಸೀಡ್, ಮತ್ತೆ ಗೆಲುವು, ಈ ಸಲ ವಾಷಿಂಗ್ಟನ್ ಸ್ಟೇಟ್ ಮೇಲೆ. ಅದೇ 2022ರಲ್ಲಿ ಸೌತ್ ಡಕೋಟಾ 10ನೇ ಸೀಡ್ ಆಗಿ ಬಂದು ಓಲ್ ಮಿಸ್ ಅನ್ನು ಸೋಲಿಸಿ, ಆಮೇಲೆ 2ನೇ ಸೀಡ್ ಬೇಲರ್ ಅನ್ನು 61-47ಕ್ಕೆ, ಬೇಲರ್‌ನ ಸ್ವಂತ ಊರಿನಲ್ಲಿ ಮಣಿಸಿತು. ಅವರದು ಮೂರು ಪಾಯಿಂಟ್ ಮಳೆ ಅಲ್ಲ. ವರ್ಷಗಟ್ಟಲೆ ಒಟ್ಟಿಗೆ ಆಡಿದ ಹಿರಿಯರು, ಬಿಗಿ ರಕ್ಷಣೆ, ನಿಧಾನ ಗತಿ. ನಿಧಾನವಾಗಿ ಆಡಿದರೆ ಪೊಸೆಷನ್ ಕಡಿಮೆ. ಪೊಸೆಷನ್ ಕಡಿಮೆಯಾದಷ್ಟೂ ಬಲಿಷ್ಠರಿಗೆ ತಮ್ಮ ಬಲ ತೋರಿಸಲು ಸಮಯ ಕಡಿಮೆ.

ಸಣ್ಣವರ ಪಕ್ಷದಿಂದ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಸುಲಭದ ವೇಳಾಪಟ್ಟಿ ಅವರೇ ಬಯಸಿ ಹಾಕಿಕೊಂಡದ್ದು ಎಂದು ಅನೇಕರು ತಿಳಿದಿದ್ದಾರೆ. ಕಾನ್ಫರೆನ್ಸಿನ ಹದಿನಾರು ಹದಿನೆಂಟು ಆಟಗಳ ಮೇಲೆ ಅವರಿಗೆ ಹಿಡಿತವೇ ಇಲ್ಲ. ಉಳಿದ ಹನ್ನೊಂದು ಹನ್ನೆರಡಕ್ಕೆ ದೊಡ್ಡವರನ್ನು ಕರೆದರೆ ದೊಡ್ಡವರು ಬರುವುದಿಲ್ಲ. ಬಂದು ಸೋತರೆ ಮಾನ ಹೋಗುತ್ತದೆ, ಗೆದ್ದರೆ ಹೊಗಳುವವರಿಲ್ಲ. "ನೀವೇ ನಮ್ಮಲ್ಲಿಗೆ ಬನ್ನಿ, ಪ್ರಯಾಣದ ಖರ್ಚಿನ ಮೇಲೆ ಇಷ್ಟು ಕೊಡುತ್ತೇವೆ" ಎನ್ನುತ್ತಾರೆ. ಆ ಕರೆ ಕೂಡ ಸಾಧಾರಣ ತಂಡಗಳಿಗೆ ಬರುತ್ತದೆ; ಒಳ್ಳೆಯ ಸಣ್ಣ ತಂಡ ಅಂದರೆ ಯಾರಿಗೂ ಬೇಡ. ಆದ್ದರಿಂದ ವೇಳಾಪಟ್ಟಿ ನೋಡುವಾಗ ಕಾನ್ಫರೆನ್ಸ್ ಭಾಗವನ್ನು ಬಿಟ್ಟು ನವೆಂಬರ್-ಡಿಸೆಂಬರ್ ಭಾಗ ನೋಡಿ. ಅಲ್ಲಿ ದೊಡ್ಡವರ ಬಾಗಿಲಿಗೆ ತಾವಾಗಿ ಹೋಗಿ ತಟ್ಟಿದ್ದಾರೆಯೇ? ಹೋಗಿದ್ದರೆ ಆ ಕೋಚ್‌ಗೆ ತನ್ನ ತಂಡದ ಮೇಲೆ ನಂಬಿಕೆ ಇದೆ ಎಂದರ್ಥ. ಅಲ್ಲೂ ಇನ್ನೂರನೇ ರ‍್ಯಾಂಕಿನವರನ್ನೇ ಗುಡ್ಡೆ ಹಾಕಿಕೊಂಡಿದ್ದರೆ ನನಗೆ ಕನಿಕರವಿಲ್ಲ.

ಯುಕಾನ್‌ನವರೇ ಇದಕ್ಕೆ ದೊಡ್ಡ ಉದಾಹರಣೆ. 2013ರಿಂದ 2020ರವರೆಗೆ ಏಳು ಸೀಸನ್ ಅವರು ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸಿನಲ್ಲಿದ್ದರು. ಆ ಕಾನ್ಫರೆನ್ಸಿನ ತಂಡಗಳ ಮೇಲೆ ಅವರ ದಾಖಲೆ 139-0. ಹಾಳೂರ ಗೌಡ ಎಂದು ಹೇಳಬಹುದಿತ್ತು, ಆದರೆ ಕೋಚ್ ಜೀನೊ ಔರಿಯೆಮ್ಮ ಪ್ರತಿ ವರ್ಷ ನೋಟರ್ ಡೇಮ್, ಸೌತ್ ಕೆರೊಲಿನಾ, ಬೇಲರ್ ಥರದವರನ್ನು ಹುಡುಕಿಕೊಂಡು ಹೋಗಿ ಆಡಿಸುತ್ತಿದ್ದರು. ಆ ಕಾನ್ಫರೆನ್ಸಿನಲ್ಲಿದ್ದುಕೊಂಡೇ 2014, 2015, 2016 ಮೂರೂ ಕಪ್ ಗೆದ್ದರು. ಆಮೇಲಿನ ಎರಡು ವರ್ಷ ಸೆಮಿಫೈನಲ್‌ನಲ್ಲಿ ಓವರ್‌ಟೈಮ್‌ಗೆ ಹೋಗಿ ಎರಡೆರಡು ಪಾಯಿಂಟಿನಿಂದ ಸೋತರು: 2017ರಲ್ಲಿ ಮಿಸಿಸಿಪಿ ಸ್ಟೇಟ್‌ಗೆ 66-64, ಆ ಸೋಲಿನಿಂದ 111 ಆಟಗಳ ಸರಪಣಿ ಕಡಿಯಿತು, 2018ರಲ್ಲಿ ನೋಟರ್ ಡೇಮ್‌ಗೆ 91-89. ಮೂರು ತಿಂಗಳು ಮೂವತ್ತು ನಲವತ್ತು ಅಂಕದ ಅಂತರದಿಂದ ಗೆಲ್ಲುತ್ತಿದ್ದವರಿಗೆ ಕೊನೆಯ ಎರಡು ನಿಮಿಷದ ಬಿಗಿ ಆಟದ ಅಭ್ಯಾಸವೇ ತಪ್ಪಿಹೋಗಿತ್ತು ಎಂದು ಆಗ ಬಹಳ ಜನ ಬರೆದರು. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಎರಡೂ ಸಲ ಕೊನೆಯ ಸೆಕೆಂಡಿನ ಶಾಟ್ ಬಿತ್ತು, ಬೀಳದೆಯೂ ಇರಬಹುದಿತ್ತು.

ನಮ್ಮೂರಿನದೂ ಒಂದು ಪ್ರಸಂಗ ನೆನಪಾಗುತ್ತದೆ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಭಾರತ ಇದ್ದದ್ದು ಬಿ ಡಿವಿಷನ್‌ನಲ್ಲಿ. ಫೈನಲ್‌ನಲ್ಲಿ ಕಜಾಕಸ್ತಾನವನ್ನು 75-73ಕ್ಕೆ ಸೋಲಿಸಿ ಎ ಡಿವಿಷನ್‌ಗೆ ಬಡ್ತಿ ಪಡೆಯಿತು. 2019ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಕಂಠೀರವ, ಈ ಸಲ ಜಪಾನ್, ಕೊರಿಯಾಗಳ ಸಾಲಿನಲ್ಲಿ. ಭಾರತ ಒಂದೂ ಗೆಲ್ಲದೆ ಎಂಟರಲ್ಲಿ ಎಂಟನೆಯದಾಯಿತು. ಅಂಗಳ ಅದೇ, ಕೂಗುವ ಜನ ಅವರೇ. 2017ರ ಗೆಲುವು ಸುಳ್ಳಾಗಿರಲಿಲ್ಲ, ಮುಂದಿನ ಮೆಟ್ಟಿಲು ಎಷ್ಟು ಎತ್ತರ ಎಂಬುದು ಆ ಗೆಲುವಿನಲ್ಲಿ ಬರೆದಿರಲಿಲ್ಲ.

ಅಂಗಳದ ಮಾತು ಬಂತು. ಮಹಿಳಾ ಟೂರ್ನಿಯಲ್ಲಿ ಒಂದು ವಿಶೇಷ ನಿಯಮ ಇದೆ, ನಿಮ್ಮ ಆಫೀಸಿನಲ್ಲಿ ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. ಮೊದಲ ನಾಲ್ಕು ಸೀಡ್ ಪಡೆದ ಹದಿನಾರು ತಂಡಗಳು ಮೊದಲೆರಡು ಸುತ್ತನ್ನು ತಮ್ಮ ಸ್ವಂತ ಕ್ಯಾಂಪಸ್ಸಿನಲ್ಲೇ ಆಡುತ್ತವೆ. ಪುರುಷರಲ್ಲಿ ಹೀಗಿಲ್ಲ. ಹಾಗಾಗಿ 4ಕ್ಕೂ 5ಕ್ಕೂ ನಡುವಿನ ಗೆರೆ ಬರೀ ಒಂದು ಅಂಕಿಯಲ್ಲ. ಮನೆಯ ಊಟವೋ ಬಸ್ ಪ್ರಯಾಣವೋ ಎಂಬ ವ್ಯತ್ಯಾಸ. ಗೊನ್ಜಾಗಕ್ಕೆ 2024ರಲ್ಲಿ ಸಿಕ್ಕ 4ನೇ ಸೀಡಿನ ನಿಜವಾದ ಬೆಲೆ ಅದೇ, ಎರಡೂ ಆಟ ಸ್ಪೋಕೇನ್‌ನಲ್ಲೇ ಆಡಿದರು. ಸಣ್ಣ ಕಾನ್ಫರೆನ್ಸಿನ ತಂಡವನ್ನು ಸಮಿತಿ ಒಂದು ಮೆಟ್ಟಿಲು ಕೆಳಗೆ ಕೂರಿಸಿದರೆ ಅದು ಎರಡು ಸಲ ದಂಡ ಕಟ್ಟಿದ ಹಾಗೆ: ಸೀಡೂ ಹೋಯಿತು, ಅಂಗಳವೂ ಹೋಯಿತು.

ಈಗ ಪ್ರಿನ್ಸ್‌ಟನ್. 2014-15ರಲ್ಲಿ ಕೋರ್ಟ್ನಿ ಬ್ಯಾಂಗ್‌ಹಾರ್ಟ್ ಅವರ ತಂಡ 30-0. ಐವಿ ಲೀಗ್‌ನಲ್ಲಿ ಎಂಟೇ ತಂಡ, ಪ್ರತಿಯೊಬ್ಬರ ಮೇಲೆ ಎರಡೆರಡು ಸಲ, ಒಟ್ಟು 14 ಆಟ. ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡದ ಕಾಲೇಜುಗಳು. ಹೊರಗಿನ ಆಟಗಳಲ್ಲಿ ಮಿಷಿಗನ್, ಪಿಟ್ಸ್‌ಬರ್ಗ್ ಥರದವರನ್ನು ಸೋಲಿಸಿದ್ದರು. ಅವು ಒಳ್ಳೆಯ ಗೆಲುವುಗಳೇ, ಆದರೆ ಶಿಖರದ ಗೆಲುವುಗಳಲ್ಲ. ಅಂದಿನ ಮೊದಲ ಹತ್ತರಲ್ಲಿದ್ದ ಯಾರನ್ನೂ ಅವರು ಎದುರಿಸಿಯೇ ಇರಲಿಲ್ಲ. ಮೊದಲ ಸುತ್ತು ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿ. ಎದುರಾಳಿ ಗ್ರೀನ್ ಬೇ, ಅದೂ ಸಣ್ಣ ಕಾನ್ಫರೆನ್ಸಿನ ದೊಡ್ಡ ದಾಖಲೆಯ ತಂಡವೇ! ಅನುಮಾನಿತರಿಬ್ಬರನ್ನೂ ಒಂದೇ ಕೋಣೆಗೆ ಹಾಕಿ ಬಾಗಿಲು ಹಾಕಿದ ಹಾಗೆ. ಪ್ರಿನ್ಸ್‌ಟನ್ 80-70ಕ್ಕೆ ಗೆದ್ದಿತು. ಪ್ರೇಕ್ಷಕರಲ್ಲಿ ಅಧ್ಯಕ್ಷ ಒಬಾಮ ಇದ್ದರು. ಮಿಶೆಲ್ ಅವರ ಅಣ್ಣನ ಮಗಳು ಲೆಸ್ಲಿ ರಾಬಿನ್ಸನ್ ಆ ತಂಡದಲ್ಲಿದ್ದಳು. ಎರಡನೇ ಸುತ್ತಿನಲ್ಲಿ 1ನೇ ಸೀಡ್ ಮೇರಿಲ್ಯಾಂಡ್, ಅವರದೇ ಅಂಗಳದಲ್ಲಿ. 85-70. ಸೋಲು, ಆದರೆ ಲಿಬರ್ಟಿಯ 44 ಅಲ್ಲ, 15. ಆ ಮೇರಿಲ್ಯಾಂಡ್ ಮುಂದೆ ಫೈನಲ್ ಫೋರ್‌ಗೆ ಹೋಯಿತು.

ಇದನ್ನು ಅನ್ಯಾಯ ಅನ್ನಲೇ? ಅರ್ಧ ಅನ್ಯಾಯ. 8ನೇ ಸೀಡ್ ಅಂದರೆ ಎರಡನೇ ಸುತ್ತಿನಲ್ಲೇ 1ನೇ ಸೀಡ್ ಕಟ್ಟಿಟ್ಟ ಬುತ್ತಿ. ನನ್ನ ಕೈಯಲ್ಲಿದ್ದಿದ್ದರೆ 6 ಕೊಡುತ್ತಿದ್ದೆ. ಆಗ ಎರಡನೇ ಸುತ್ತಿನಲ್ಲಿ ಸಿಗುತ್ತಿದ್ದದ್ದು 3ನೇ ಸೀಡ್. 4 ಕೊಡುತ್ತಿರಲಿಲ್ಲ. ಅಷ್ಟು ಕಡಿಮೆ ಸಾಕ್ಷಿಯ ಮೇಲೆ ಇನ್ನೊಬ್ಬರ ತವರು ಅಂಗಳವನ್ನು ಕಿತ್ತು ಅವರಿಗೆ ಕೊಡಲು ನನಗೆ ಧೈರ್ಯ ಸಾಲದು. ಆಗ ಆರ್‌ಪಿಐ ಕಾಲ, ಅಂತರ ನೋಡುವ ಪದ್ಧತಿ ಇರಲಿಲ್ಲ. ಇವತ್ತಿನ ನೆಟ್ ಲೆಕ್ಕದಲ್ಲಿ ಅದೇ ತಂಡ ಬಂದಿದ್ದರೆ ಎರಡು ಮೆಟ್ಟಿಲಾದರೂ ಮೇಲೆ ಕೂರುತ್ತಿತ್ತು ಎಂಬುದು ನನ್ನ ಅಂದಾಜು. ಐವಿ ಲೀಗಿನ ಮೇಲೆ ಸಮಿತಿಯ ಕಣ್ಣೂ ಬದಲಾಗಿದೆ. 2025ರಲ್ಲಿ ಆ ಲೀಗಿನಿಂದ ಮೂರು ತಂಡ ಬಂದವು, ಹಿಂದೆಂದೂ ಹಾಗಾಗಿರಲಿಲ್ಲ: ಹಾರ್ವರ್ಡ್ ನೇರ ಪ್ರವೇಶ, ಕೊಲಂಬಿಯಾ ಮತ್ತು ಪ್ರಿನ್ಸ್‌ಟನ್ ಸಮಿತಿಯ ಆಯ್ಕೆ. ಕೊಲಂಬಿಯಾ ವಾಷಿಂಗ್ಟನ್ ಅನ್ನು 63-60ಕ್ಕೆ ಸೋಲಿಸಿ ಟೂರ್ನಿಯ ತನ್ನ ಮೊಟ್ಟಮೊದಲ ಗೆಲುವು ಬರೆದುಕೊಂಡಿತು. ಪ್ರಿನ್ಸ್‌ಟನ್ ಅಯೋವಾ ಸ್ಟೇಟ್‌ಗೆ ಐದು ಪಾಯಿಂಟಿನಿಂದ ಸೋತಿತು.

ಮುಂದಿನ ಮಾರ್ಚ್‌ಗೆ ಒಂದು ಸಣ್ಣ ಕೆಲಸ ಮಾಡಿ. ಸೀಡ್ ಪ್ರಕಟವಾದ ಭಾನುವಾರ ರಾತ್ರಿ 10, 11, 12ನೇ ಸೀಡ್ ಬಂದ ಹನ್ನೆರಡು ಚಿಲ್ಲರೆ ತಂಡಗಳ ಹೆಸರು ಬರೆದುಕೊಳ್ಳಿ, ಗೆಲುವು-ಸೋಲಿನ ಅಂಕಿ ಮಾತ್ರ ಬರೆಯಬೇಡಿ. ಪ್ರತಿ ತಂಡದ ಅತ್ಯಂತ ಕಷ್ಟದ ಮೂರು ಆಟಗಳ ಸ್ಕೋರ್‌ಕಾರ್ಡ್ ತೆಗೆದು ಟರ್ನೋವರ್ ಎಷ್ಟು, ರಿಬೌಂಡ್ ಎಷ್ಟು, ಆಟ ಎಲ್ಲಿ ನಡೆಯಿತು ಎಂಬ ಮೂರನ್ನೇ ಮಗಳಿಗೆ ಓದಿ ಹೇಳಿ, ತಂಡದ ಹೆಸರು ಹೇಳದೆ. ಕೋರ್ಟಿನಲ್ಲಿ ಪ್ರೆಸ್ ತಿಂದು ಅಭ್ಯಾಸ ಇರುವವಳು ಅವಳು; ಯಾವ ತಂಡ ನಿಲ್ಲುತ್ತದೆ ಎಂದು ಅವಳನ್ನೇ ಆರಿಸಲು ಬಿಡಿ. ಎದುರಾಳಿಯ ಪ್ರಮುಖ ಆಟಗಾರ್ತಿ ಯಾರಾದರೂ ಮೊಣಕಾಲು ಕಟ್ಟಿಕೊಂಡು ಬೆಂಚಿನಲ್ಲಿ ಕೂತಿದ್ದಾಳೆಯೇ ಎಂಬುದನ್ನು ನೀವು ನೋಡಿಕೊಳ್ಳಿ.